ಗೋ ಭಾಷೆಯಲ್ಲಿ ಒಂದೇ ಆ್ಯಪ್, ಎರಡು ಸಲ

ಹಲವು ವರ್ಷ ಜಾವಾ, ಅದರ ಫ್ರೇಮ್‌ವರ್ಕ್ ಸ್ಪ್ರಿಂಗ್ ಅಂತಲೇ ಕೆಲಸ ಮಾಡಿದವನು ನಾನು. ಗೋ ಕಲಿಯಲು ಕೂತಾಗ ಸಿಂಟ್ಯಾಕ್ಸ್ ಬೇಗ ಕೈಗೆ ಹತ್ತಿತು. ಯಾವ ಫೈಲನ್ನು ಎಲ್ಲಿಡಬೇಕು ಅನ್ನುವುದು ಮಾತ್ರ ಹತ್ತಲಿಲ್ಲ. ಕೊನೆಗೆ ಲೈಬ್ರರಿ ಪುಸ್ತಕಗಳನ್ನು ಎರವಲು ಕೊಡುವ ಸಣ್ಣ ವೆಬ್ ಆ್ಯಪ್ ಒಂದನ್ನು ಎರಡು ರೀತಿಯಲ್ಲಿ ಬರೆದು ನೋಡಿದೆ.

ಮೊದಲನೆಯದು ನನಗೆ ಗೊತ್ತಿದ್ದ ದಾರಿ. ಪದರಕ್ಕೊಂದು ಫೋಲ್ಡರ್: ಬ್ರೌಸರಿನ ಕೋರಿಕೆಗೆ ಉತ್ತರಿಸುವ ಹ್ಯಾಂಡ್ಲರ್, ನಿಯಮಗಳಿರುವ ಸರ್ವಿಸ್, ಡೇಟಾಬೇಸ್ ನೋಡಿಕೊಳ್ಳುವ ರೆಪಾಸಿಟರಿ, ಡೇಟಾದ ರೂಪ ಹೇಳುವ ಮಾಡೆಲ್. ಎರಡನೆಯದರಲ್ಲಿ ವಿಷಯಕ್ಕೊಂದು ಫೋಲ್ಡರ್: ಬುಕ್, ಮೆಂಬರ್, ಲೋನ್. ಅಲ್ಲೂ ಪದರಗಳಿವೆ, ಆದರೆ ಒಂದೇ ಫೋಲ್ಡರ್ ಒಳಗಿನ ಬೇರೆ ಬೇರೆ ಫೈಲುಗಳಾಗಿ. ಗೋದಲ್ಲಿ ಒಂದು ಫೋಲ್ಡರ್ ಅಂದರೆ ಒಂದು ಪ್ಯಾಕೇಜ್.

ಮೊದಲನೆಯದರಲ್ಲಿ ಎರಡನೇ ದಿನವೇ ಎಡವಿದೆ. ‘ಪುಸ್ತಕ ಇಲ್ಲ’ ಅನ್ನುವ ಎರರನ್ನು ಸರ್ವಿಸ್ ಪ್ಯಾಕೇಜಿನಲ್ಲಿ ಇಟ್ಟಿದ್ದೆ. ಡೇಟಾಬೇಸಿನಲ್ಲಿ ಸಾಲು ಸಿಗದಿದ್ದರೆ ರೆಪಾಸಿಟರಿ ಅದನ್ನೇ ವಾಪಸ್ ಕೊಡಬೇಕಿತ್ತು. ಸರ್ವಿಸ್ ಆಗಲೇ ರೆಪಾಸಿಟರಿಯನ್ನು ಇಂಪೋರ್ಟ್ ಮಾಡಿತ್ತು. ಈಗ ರೆಪಾಸಿಟರಿಯೂ ಸರ್ವಿಸ್ ಬಾಗಿಲು ತಟ್ಟಿತು. ‘ಇಂಪೋರ್ಟ್ ಸೈಕಲ್ ನಾಟ್ ಅಲೌಡ್’ ಅಂದಿತು ಕಂಪೈಲರ್. ಜಾವಾದಲ್ಲಿ ಎರಡು ಪ್ಯಾಕೇಜುಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡರೂ ಕಂಪೈಲ್ ಆಗುತ್ತದೆ, ಹಾಗಾಗಿ ಇದರ ಬಗ್ಗೆ ತಲೆ ಕೆಡಿಸಿಕೊಂಡವನೇ ಅಲ್ಲ. ಎರರನ್ನು ಮಾಡೆಲ್‌ಗೆ ಸಾಗಿಸಿದೆ. ಆಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡರೂ ಅದನ್ನೇ ಮಾಡಿದೆ. ಬರಬರುತ್ತಾ ಮಾಡೆಲ್ ಫೋಲ್ಡರ್ ಮನೆಯ ಅಟ್ಟದ ಹಾಗಾಯಿತು.

ಇನ್ನೊಂದು ಕಿರಿಕಿರಿ ಹೆಸರುಗಳದ್ದು. ಗೋದಲ್ಲಿ ಪಬ್ಲಿಕ್, ಪ್ರೈವೇಟ್ ಅನ್ನುವ ಪದಗಳೇ ಇಲ್ಲ. ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಆದರೆ ಹೊರಗಿನವರಿಗೆ ಕಾಣುತ್ತದೆ, ಸ್ಮಾಲ್ ಆದರೆ ಪ್ಯಾಕೇಜಿನ ಒಳಗಷ್ಟೇ. ಪದರಕ್ಕೊಂದು ಪ್ಯಾಕೇಜ್ ಮಾಡಿದರೆ ಮೇಲಿನ ಪದರಕ್ಕೆ ಕಾಣಲಿ ಅಂತ ಹೆಚ್ಚುಕಡಿಮೆ ಎಲ್ಲವೂ ಕ್ಯಾಪಿಟಲ್. ಎರವಲಿಗೆ ಸಂಬಂಧಿಸಿದ ಫಂಕ್ಷನ್ನನ್ನು ಸದಸ್ಯರ ಹ್ಯಾಂಡ್ಲರ್ ಸುಮ್ನೆ ಕರೆದರೂ ತಡೆಯುವವರಿಲ್ಲ. ವಿಷಯಕ್ಕೊಂದು ಪ್ಯಾಕೇಜ್ ಮಾಡಿದಾಗ ಸ್ಟೋರ್ (ಇಲ್ಲಿ ರೆಪಾಸಿಟರಿಯ ಕೆಲಸ ಮಾಡುವ ಭಾಗ), ಕ್ವೆರಿ, ವ್ಯಾಲಿಡೇಶನ್ ಎಲ್ಲವೂ ಸ್ಮಾಲ್ ಅಕ್ಷರದಲ್ಲಿ ಒಳಗೇ ಉಳಿದವು. ಈ ಒಂದು ಕಾರಣಕ್ಕೇ ನನ್ನ ಓಟು ಎರಡನೆಯದಕ್ಕೆ.

ಸೈಕಲ್ ಅಲ್ಲೂ ಬಂತು, ಇಲ್ಲ ಅನ್ನುವುದಿಲ್ಲ. ಲೋನ್‌ಗೆ ಸದಸ್ಯರ ಮಾಹಿತಿ ಬೇಕು, ಸದಸ್ಯರ ಪುಟದಲ್ಲಿ ಅವರ ಎರವಲು ತೋರಿಸಬೇಕು. ಆದರೆ ಇದು ಬೇರೆ ಥರದ ಜಗಳ. ಮೊದಲನೆಯದರಲ್ಲಿ ಕಂಪೈಲರ್ ತಡೆದಿದ್ದು ಒಂದು ಎರರ್ ಎಲ್ಲಿರಬೇಕು ಅನ್ನುವುದಕ್ಕೆ. ಇಲ್ಲಿ ಕೇಳಿದ್ದು ಯಾರು ಯಾರನ್ನು ನೆಚ್ಚಿಕೊಳ್ಳಬೇಕು ಅಂತ. ಮೆಂಬರ್ ಪ್ಯಾಕೇಜಿನಲ್ಲೇ ಒಂದೇ ಮೆಥಡ್ ಇರುವ ಇಂಟರ್‌ಫೇಸ್ (ಬೇಕಾದ ಮೆಥಡ್‌ಗಳ ಪಟ್ಟಿ) ಬರೆದೆ, ಲೋನ್ ಸ್ಟೋರ್ ಅದಕ್ಕೆ ತಾನಾಗಿಯೇ ಹೊಂದಿಕೊಂಡಿತು. ಜಾವಾದ ಹಾಗೆ ಇಂಪ್ಲಿಮೆಂಟ್ಸ್ ಅಂತ ಬರೆದುಕೊಡಬೇಕಿಲ್ಲ. ಎರಡನ್ನೂ ಜೋಡಿಸಿದ್ದು ಮೇನ್ ಫೈಲಿನಲ್ಲಿ, ಕೈಯಾರೆ. ಸ್ಪ್ರಿಂಗ್ ತಾನೇ ಜೋಡಿಸಿಕೊಡುತ್ತಿದ್ದ ಅಭ್ಯಾಸಕ್ಕೆ ಮೊದಮೊದಲು ಕೂಲಿ ಕೆಲಸ ಅನ್ನಿಸಿತು. ಈಗ ಯಾವುದಕ್ಕೆ ಯಾವುದು ಹೋಗುತ್ತದೆ ಅಂತ ನೋಡಲು ಅದೊಂದೇ ಫೈಲ್ ತೆರೆದರೆ ಸಾಕು.

ರೌಟಿಂಗ್‌ನಲ್ಲಿ, ಅಂದರೆ ಯಾವ ವೆಬ್ ವಿಳಾಸ ಯಾವ ಹ್ಯಾಂಡ್ಲರ್‌ಗೆ ಹೋಗಬೇಕು ಅನ್ನುವುದರಲ್ಲಿ, ಎರಡಕ್ಕೂ ವ್ಯತ್ಯಾಸವಿಲ್ಲ. 2024ರ ಫೆಬ್ರವರಿಯಲ್ಲಿ ಬಂದ 1.22 ಆವೃತ್ತಿಯಿಂದ ಗೋದ ಸ್ವಂತ ರೌಟರ್‌ಗೇ ಎಚ್‌ಟಿಟಿಪಿ ಮೆಥಡ್ (GET, POST ಥರದ್ದು), ಪಾತ್‌ನೊಳಗಿನ ಐಡಿ ಎರಡೂ ಅರ್ಥವಾಗುತ್ತವೆ.

ಪದರದ ರೀತಿ ಗೆದ್ದಿದ್ದು ಟ್ರಾನ್ಸಾಕ್ಷನ್‌ನಲ್ಲಿ. ಎರವಲು ದಾಖಲಿಸುವುದು, ಪುಸ್ತಕದ ಪ್ರತಿ ಒಂದು ಕಡಿಮೆ ಮಾಡುವುದು ಎರಡೂ ಒಟ್ಟಿಗೆ ಆಗಬೇಕು ಅಲ್ವಾ? ರೆಪಾಸಿಟರಿ ಒಂದೇ ಕಡೆ ಇದ್ದಾಗ ಇದು ಸಲೀಸು. ಎರಡನೆಯದರಲ್ಲಿ ಲೋನ್ ಟ್ರಾನ್ಸಾಕ್ಷನ್ ಶುರು ಮಾಡಿ ಬುಕ್ ಪ್ಯಾಕೇಜನ್ನು ಕರೆಯಿತು. ಅದು ಟ್ರಾನ್ಸಾಕ್ಷನ್ ಬಿಟ್ಟು ನೇರವಾಗಿ ಡೇಟಾಬೇಸ್ ಪೂಲಿನಿಂದ (ಕನೆಕ್ಷನ್‌ಗಳ ಗುಂಪಿನಿಂದ) ಇನ್ನೊಂದು ಕನೆಕ್ಷನ್ ಕೇಳಿತು. ಡೇಟಾಬೇಸ್ ಎಸ್‌ಕ್ಯೂಲೈಟ್ ಆಗಿದ್ದರಿಂದ ಕನೆಕ್ಷನ್ ಮಿತಿ 1 ಇಟ್ಟಿದ್ದೆ, ಆ ಒಂದು ಕನೆಕ್ಷನ್ ಟ್ರಾನ್ಸಾಕ್ಷನ್ ಕೈಯಲ್ಲಿತ್ತು, ಬುಕ್ ಕಾಯುತ್ತಲೇ ಕೂತಿತು. ಎರರೂ ಇಲ್ಲ, ಲಾಗೂ ಇಲ್ಲ, ಬ್ರೌಸರ್ ಸುತ್ತುತ್ತಲೇ ಇತ್ತು. ಅರ್ಧ ದಿನ ಹೋಯಿತು. ಕೊನೆಗೆ ಪ್ರತಿ ಕಡಿಮೆ ಮಾಡುವ ಕ್ವೆರಿಯನ್ನು ಲೋನ್ ಸ್ಟೋರ್‌ನಲ್ಲೇ ಬರೆದೆ. ಬುಕ್‌ನ ಟೇಬಲ್‌ಗೆ ಲೋನ್ ಕೈ ಹಾಕುವುದು ಚೆನ್ನಾಗಿಲ್ಲ, ಗೊತ್ತು. ಆ ಕ್ವೆರಿಯ ಮೇಲೆ ಒಂದು ಕಾಮೆಂಟ್ ಹಾಕಿ ಹಾಗೇ ಬಿಟ್ಟಿದ್ದೇನೆ.