ಬ್ರೇಸಸ್ ತಂತಿ ಕಟ್ಟಲು ಮೂರು ದಾರಿ: ಉಕ್ಕಿನ ಲಿಗೇಚರ್ ಯಾಕೆ ಮೇಲು

ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್‌ನ ಸ್ಲಾಟ್ ಎಂಬ ಸೀಳಿನಲ್ಲಿ ಹಲ್ಲುಗಳನ್ನು ಸರಿಸುವ ಮುಖ್ಯ ತಂತಿ, ಅಂದರೆ ಆರ್ಚ್ ವೈರ್, ಕೂತಿರಬೇಕು ಅಂದರೆ ಅದನ್ನು ಏನಾದರೂ ಹಿಡಿದಿರಬೇಕು. ರಬ್ಬರ್ ಉಂಗುರದಂಥ ಮಾಡ್ಯೂಲ್ ಹಾಕಬಹುದು, ಲಿಗೇಚರ್ ಎಂಬ ಉಕ್ಕಿನ ಸಣ್ಣ ತಂತಿಯಿಂದ ಕಟ್ಟಬಹುದು, ಇಲ್ಲವೇ ಬಾಗಿಲಿರುವ ಸೆಲ್ಫ್ ಲಿಗೇಟಿಂಗ್ ಬ್ರ್ಯಾಕೆಟ್ಟನ್ನೇ ಅಂಟಿಸಬಹುದು. ಮೂರನ್ನೂ ಒಂದೇ ಕುರ್ಚಿಯ ಕ್ಲಿನಿಕ್ಕಿನಲ್ಲಿ, 0.022 ಇಂಚಿನ ಸ್ಲಾಟ್‌ನಲ್ಲಿ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ 0.010 ಇಂಚಿನ ಉಕ್ಕಿನ ಲಿಗೇಚರ್. ದುಬಾರಿ ಸೆಲ್ಫ್ ಲಿಗೇಟಿಂಗ್ ಕಿಟ್‌ಗಳನ್ನು ದುಡ್ಡು ಕೊಟ್ಟು ತರಿಸಿ ಬಳಸಿದ ನಂತರವೂ ಈ ಮಾತು ಬದಲಾಗಿಲ್ಲ. ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್, ವಾಶಿ ಕಡೆ ಹೊಸದಾಗಿ ಕ್ಲಿನಿಕ್ ತೆರೆಯುವ ನಮ್ಮ ದಂತವೈದ್ಯರು ಮೊದಲ ಆರ್ಡರ್ ಹಾಕುವಾಗ ಕೇಳುವ ಪ್ರಶ್ನೆಯೂ ಇದೇ, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮಾಡ್ಯೂಲ್‌ಗೆ ಇರುವ ದೊಡ್ಡ ಗುಣ ವೇಗ. ಕೈ ಪಳಗಿದವರು ಎರಡೂ ದವಡೆಗೆ ನಾಲ್ಕೈದು ನಿಮಿಷದಲ್ಲಿ ಹಾಕಿ ಮುಗಿಸುತ್ತಾರೆ. ಮಕ್ಕಳಿಗೆ ಬಣ್ಣ ಆರಿಸುವ ಖುಷಿ, ತುಟಿಗೆ ಚುಚ್ಚುವ ತುದಿ ಇಲ್ಲ, ಬೆಲೆಯೂ ಕಡಿಮೆ. ಆದರೆ ಇದು ಪಾಲಿಯುರೆಥೇನ್ ಎಂಬ ಹಿಗ್ಗುವ ಪ್ಲಾಸ್ಟಿಕ್. ಎಂಜಲು ಹೀರಿಕೊಂಡು ಸಡಿಲವಾಗುತ್ತದೆ, ಮೊದಲ 24 ಗಂಟೆಯಲ್ಲೇ ಬಲದ ದೊಡ್ಡ ಪಾಲು ಇಳಿದುಹೋಗುತ್ತದೆ. ತಿರುಗಿ ನಿಂತ ಕೋರೆಹಲ್ಲಿನಲ್ಲಿ ಇದರ ಪರಿಣಾಮ ಬರಿಗಣ್ಣಿಗೇ ಕಾಣುತ್ತದೆ: ಬ್ರ್ಯಾಕೆಟ್‌ನ ಒಂದು ರೆಕ್ಕೆಯ (ಕಟ್ಟು ಸಿಕ್ಕಿಸುವ ಚಾಚು) ಕಡೆ ತಂತಿ ಕೂತಿರುತ್ತದೆ, ಇನ್ನೊಂದು ಕಡೆ ಸ್ಲಾಟ್‌ನ ತಳಕ್ಕೂ ತಂತಿಗೂ ನಡುವೆ ಸಂದು. ಆ ಸಂದು ಇರುವಷ್ಟು ದಿನ ಹಲ್ಲು ಪೂರ್ತಿ ತಿರುಗುವುದಿಲ್ಲ. ಎಂಟರ ಆಕಾರದಲ್ಲಿ ಹಾಕಿದರೆ ಸ್ವಲ್ಪ ಗಟ್ಟಿ, ಆದರೆ ಸಡಿಲವಾಗುವುದು ತಪ್ಪುವುದಿಲ್ಲ.

ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬರುವ ರೋಗಿಗೆ ಇದು ದೊಡ್ಡ ವಿಷಯವಲ್ಲ. ಮುಂಬೈನಲ್ಲಿ ಹಾಗೆ ಬರುವವರು ಎಷ್ಟು ಮಂದಿ? ಜುಲೈನಲ್ಲಿ ಕುರ್ಲಾ, ಸಾಯನ್‌ನಲ್ಲಿ ಹಳಿ ಮೇಲೆ ನೀರು ನಿಂತರೆ ಆ ದಿನದ ಅಪಾಯಿಂಟ್‌ಮೆಂಟ್‌ಗಳೆಲ್ಲ ಹೋದ ಹಾಗೆ. ನಂತರ ಗಣಪತಿ, ನವರಾತ್ರಿ, ದೀಪಾವಳಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಕೋಚಿಂಗ್, ಡಿಸೆಂಬರ್‌ನಿಂದ ಪ್ರಿಲಿಮ್ಸ್. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಉಡುಪಿ, ಮಂಗಳೂರು ಕಡೆ ಊರಿಗೆ ಹೋದ ಕುಟುಂಬ ಶಾಲೆ ಶುರುವಾಗುವ ತನಕ ಕಾಣುವುದಿಲ್ಲ. ನಾಲ್ಕು ವಾರ ಹತ್ತು ವಾರವಾಗುತ್ತದೆ. ಅಷ್ಟು ಹೊತ್ತಿಗೆ ಮಾಡ್ಯೂಲ್ ಹೆಸರಿಗಷ್ಟೇ ಇರುತ್ತದೆ. ಉಕ್ಕಿನ ಕಟ್ಟು ಹತ್ತನೇ ವಾರದಲ್ಲೂ ಕಟ್ಟಿದ ಹಾಗೆಯೇ ಇರುತ್ತದೆ. ನನ್ನ ಮಟ್ಟಿಗೆ ಉಕ್ಕಿನ ಪರವಾದ ಮುಖ್ಯ ಕಾರಣ ಇದು, ಉಳಿದವೆಲ್ಲ ಇದರ ನಂತರ.

ಸೆರಾಮಿಕ್ ಬ್ರ್ಯಾಕೆಟ್ ಹಾಕಿಸಿಕೊಂಡವರಲ್ಲಿ ಇನ್ನೊಂದು ಗೋಳು, ಅರಿಶಿನ. ಪಾರದರ್ಶಕ ಮಾಡ್ಯೂಲ್ ಹಾಕಿ ಕಳಿಸಿದ ದಿನವೇ ಕಾಂದಾ ಪೋಹೆ, ವಡಾ ಪಾವ್ ಅಥವಾ ಮನೆಯ ಸಾರು ಹೊಟ್ಟೆಗೆ ಹೋದರೆ ರಾತ್ರಿಗೇ ಹಳದಿ. ಅರಿಶಿನದ ಕರ್ಕ್ಯುಮಿನ್ ಪಾಲಿಯುರೆಥೇನ್‌ನೊಳಗೇ ಇಳಿಯುತ್ತದೆ, ಬ್ರಶ್ ಮಾಡಿದರೆ ಹೋಗುವುದಿಲ್ಲ. “ಡಾಕ್ಟ್ರೇ, ಜಾಸ್ತಿ ದುಡ್ಡು ಕೊಟ್ಟು ಬಿಳಿದು ಹಾಕಿಸಿದ್ದು, ಈಗ ನೋಡಿ” ಎಂದು ತಾಯಂದಿರು ಕೇಳುವುದರಲ್ಲಿ ಏನೂ ತಪ್ಪಿಲ್ಲ. ಬೂದು ಅಥವಾ ತಿಳಿ ನೀಲಿ ಮಾಡ್ಯೂಲ್ ಹಾಕಿದರೆ ಕಲೆ ಅಷ್ಟು ಎದ್ದು ಕಾಣುವುದಿಲ್ಲ, ಅಷ್ಟೇ. ಅರಿಶಿನ ಬಿಡಿ ಎಂದು ನಮ್ಮ ಅಡುಗೆ ತಿನ್ನುವವರಿಗೆ ಹೇಳುವುದು ವ್ಯರ್ಥ.

ಇನ್ನು ಸೆಲ್ಫ್ ಲಿಗೇಟಿಂಗ್. ಕಲ್ಪನೆ ಹೊಸದಲ್ಲ, 1930ರ ದಶಕದಲ್ಲೇ ಅಮೆರಿಕದಲ್ಲಿ ಇಂಥ ಬ್ರ್ಯಾಕೆಟ್ ಬಂದಿತ್ತು. ಬಾಗಿಲು ತೆರೆ, ತಂತಿ ಬದಲಿಸು, ಮುಚ್ಚು. ಸಹಾಯಕಿ ಇಲ್ಲದ ದಿನವೂ ಕೆಲಸ ಸಲೀಸು. 0.014 ಇಂಚಿನ ನೈಟೈ (ನಿಕಲ್ ಟೈಟೇನಿಯಂ) ತಂತಿ ಇರುವಾಗ ಘರ್ಷಣೆ ನಿಜಕ್ಕೂ ಕಡಿಮೆ, ಪ್ರಯೋಗಾಲಯದ ಅಳತೆಗಳೂ ಹಾಗೆಯೇ ಹೇಳುತ್ತವೆ. ದಪ್ಪ ಚೌಕ ತಂತಿಗೆ ಬಂದಾಗ ಆ ಲಾಭ ಕರಗುತ್ತದೆ. ಚಿಕಿತ್ಸೆ ಆರು ತಿಂಗಳು ಬೇಗ ಮುಗಿಯುತ್ತದೆ ಎಂಬ ಮಾರಾಟದ ಮಾತಿಗೆ 2010ರಲ್ಲಿ ಪ್ರಕಟವಾದ ವ್ಯವಸ್ಥಿತ ವಿಮರ್ಶೆಗಳಲ್ಲಿ ಆಧಾರ ಸಿಗಲಿಲ್ಲ. ಕುರ್ಚಿಯ ಸಮಯ ಸ್ವಲ್ಪ ಉಳಿಯುತ್ತದೆ ಅನ್ನುವುದಕ್ಕೆ ಮಾತ್ರ ಸಿಕ್ಕಿತು.

ಆ ಉಳಿದ ಸಮಯವನ್ನು ನುಂಗುವುದು ಬಾಗಿಲೇ. ಕೆಳಗಿನ ಬಾಚಿಹಲ್ಲುಗಳ ಬ್ರ್ಯಾಕೆಟ್ ಸುತ್ತ ಪಾಚಿ ಕಟ್ಟಿ ಗಾರೆಯಾದಾಗ ಜಾರುವ ಬಾಗಿಲಿನ ಸಂದಿಯೊಳಗೂ ಅದೇ ಗಾರೆ ಇಳಿಯುತ್ತದೆ. ಮೊದಲ ಮೂರು ನಾಲ್ಕು ಭೇಟಿಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ಉಪಕರಣ ಹಾಕಿ ತಿರುಗಿಸಿದರೆ ಬಾಗಿಲು ಅಲ್ಲಾಡುವುದಿಲ್ಲ. ಇನ್ನಷ್ಟು ಒತ್ತಿದರೆ ರೋಗಿಗೆ ನೋವು, ಮತ್ತೂ ಒತ್ತಿದರೆ ಬ್ರ್ಯಾಕೆಟ್ಟೇ ಕಳಚಿ ಕೈಗೆ ಬರುತ್ತದೆ. ಹೊಸ ಬ್ರ್ಯಾಕೆಟ್ ಅಂಟಿಸಲು ಎಚಿಂಗ್ (ಆಮ್ಲದಿಂದ ಹಲ್ಲಿನ ಮೇಲ್ಮೈ ಒರಟಾಗಿಸುವುದು), ತೊಳೆಯುವುದು, ಒಣಗಿಸುವುದು, ಕ್ಯೂರಿಂಗ್ (ಬೆಳಕು ಹಾಯಿಸಿ ಅಂಟು ಗಟ್ಟಿ ಮಾಡುವುದು). ಅಲ್ಲಿಗೆ ಇಪ್ಪತ್ತು ನಿಮಿಷ ಹೋಯಿತು, ಹೊರಗೆ ಮೂವರು ಕಾಯುತ್ತಿರುತ್ತಾರೆ.

ಬಾಗಿಲು ಸಿಕ್ಕಿಕೊಂಡಾಗ ಮೊದಲು ಮುಟ್ಟಬೇಕಾದ್ದು ತೆರೆಯುವ ಉಪಕರಣವನ್ನಲ್ಲ, ಗಾರೆ ತೆಗೆಯುವ ಅಲ್ಟ್ರಾಸೋನಿಕ್ ಸ್ಕೇಲರನ್ನು. ಪವರ್ ಕಡಿಮೆ ಇಟ್ಟು, ನೀರು ಚೆನ್ನಾಗಿ ಬಿಟ್ಟು, ತುದಿಯನ್ನು ಬಾಗಿಲಿನ ಎರಡೂ ಅಂಚಿನ ಉದ್ದಕ್ಕೆ ಆಡಿಸಬೇಕು. ಬಾಗಿಲ ಮೇಲೆ ಒತ್ತಬಾರದು. ಬಳಿಕ ತ್ರೀ ವೇ ಸಿರಿಂಜಿನಿಂದ ನೀರು ಚಿಮ್ಮಿಸಿ, ಗಾಳಿ ಹಾಯಿಸಿ, ಎಡಗೈಯ ಬೆರಳನ್ನು ಬ್ರ್ಯಾಕೆಟ್‌ಗೆ ಆಧಾರವಾಗಿಟ್ಟು ಕಂಪನಿ ಹೇಳಿದ ದಿಕ್ಕಿನಲ್ಲೇ ತೆರೆಯಬೇಕು. ಇಷ್ಟಾದರೂ ಬರದಿದ್ದರೆ ಆ ಒಂದು ಹಲ್ಲನ್ನು ಬಿಟ್ಟು ಉಳಿದವನ್ನು ತೆರೆದು, ತಂತಿಯನ್ನು ಆ ಬ್ರ್ಯಾಕೆಟ್‌ನೊಳಗಿಂದ ಉದ್ದಕ್ಕೆ ಜಾರಿಸಿ ಹೊರಗೆಳೆಯಬಹುದು. ಓರೆಕೋರೆ ಹೆಚ್ಚಿರುವ ಬಾಯಲ್ಲಿ ಇದೂ ಆಗುವುದಿಲ್ಲ.

ಮುಚ್ಚುವಾಗಲೂ ಕಾಟ ಇದೆ. ತಂತಿ ಸ್ಲಾಟ್‌ನ ತಳಕ್ಕೆ ಪೂರ್ತಿ ಕೂರದಿದ್ದರೆ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ. ಆಗ ಬಲವಂತ ಮಾಡಿದರೆ ಕ್ಲಿಪ್ ಬಾಗುತ್ತದೆ, ಬಾಗಿದ ಕ್ಲಿಪ್ ಮುಂದೆ ತಾನಾಗಿ ತೆರೆದುಕೊಳ್ಳುತ್ತದೆ. ರೋಗಿಗೆ ಇದು ಗೊತ್ತೇ ಆಗುವುದಿಲ್ಲ, ಚುಚ್ಚುವುದೂ ಇಲ್ಲ, ನೋವೂ ಇಲ್ಲ. ಆರು ವಾರ ಬಿಟ್ಟು ಬಂದಾಗ ತಿರುಗಿಸಿ ತಂದ ಹಲ್ಲು ಮತ್ತೆ ಹಳೇ ದಿಕ್ಕಿಗೆ ಹೊರಳಿರುತ್ತದೆ. ಬ್ರ್ಯಾಕೆಟ್ ಅಂಟಿಸುವ ದಿನ ಅಂಚಿನಿಂದ ಉಕ್ಕಿದ ಅಂಟನ್ನು (ಕಾಂಪೋಸಿಟ್) ಕ್ಯೂರಿಂಗ್‌ಗೆ ಮುಂಚೆ ಪ್ರೋಬ್‌ನಿಂದ ತೆಗೆಯದಿದ್ದರೆ ಅದೂ ಬಾಗಿಲಿಗೆ ಅಡ್ಡ. ಈ ಜಾತಿಯ ಬ್ರ್ಯಾಕೆಟ್ ಕೊಳ್ಳಲೇಬೇಕು ಅನ್ನುವವರು ಒಂದನ್ನು ಮಾತ್ರ ನೋಡಿಯೇ ಕೊಳ್ಳಲಿ: ಟೈ ವಿಂಗ್, ಅಂದರೆ ಕಟ್ಟುವ ರೆಕ್ಕೆ, ಇರಬೇಕು. ಇದ್ದರೆ ಬಾಗಿಲು ಮುರಿದ ದಿನ ಉಕ್ಕಿನ ತಂತಿಯಿಂದ ಕಟ್ಟಿ ಕಳಿಸಬಹುದು. ಇಲ್ಲದಿದ್ದರೆ ಬ್ರ್ಯಾಕೆಟ್ ಬದಲಿಸದೆ ಗತಿಯಿಲ್ಲ, ಸಾಮಾನ್ಯ ಕಿಟ್‌ಗಿಂತ ಎಷ್ಟೋ ಪಟ್ಟು ಬೆಲೆಯ ಸೆಟ್‌ನಿಂದ ಒಂದು ಬ್ರ್ಯಾಕೆಟ್ ಹೋದ ಹಾಗೆ.

ಉಕ್ಕಿನ ಲಿಗೇಚರ್ ಕಟ್ಟುವುದು ಕೈಕೆಲಸ. ಕಾಯಿಸಿ ಮೆತ್ತಗಾಗಿಸಿದ ತಂತಿಯೇ ಬೇಕು, ಮೊದಲೇ ಬಗ್ಗಿಸಿ ಬರುವ ಶಾರ್ಟ್ ಟೈ ಆದರೆ ಇನ್ನೂ ಒಳ್ಳೆಯದು. ನಾಲ್ಕೂ ರೆಕ್ಕೆಯ ಕೆಳಗೆ ತಂತಿ ಹಾಯಿಸಿ, ತುದಿಗಳನ್ನು ಬ್ರ್ಯಾಕೆಟ್‌ನ ಹಿಂಬದಿಯ, ಅಂದರೆ ದವಡೆ ಹಲ್ಲಿನ ಕಡೆಯ ಅಂಚಿನಲ್ಲಿ ದಾಟಿಸಿ, ಮ್ಯಾಥ್ಯೂ ಪ್ಲೈಯರ್ ಎಂಬ ಹಿಡಿದು ತಿರುಚುವ ಇಕ್ಕಳದಿಂದ ಬ್ರ್ಯಾಕೆಟ್‌ಗೆ ಮೂರು ನಾಲ್ಕು ಮಿಲಿಮೀಟರ್ ದೂರದಲ್ಲಿ ಹಿಡಿದು, ತನ್ನ ಕಡೆಗೆ ಮೆಲ್ಲನೆ ಎಳೆಯುತ್ತಾ ತಿರುಚಬೇಕು. ಎಳೆಯದೆ ತಿರುಚಿದರೆ ಸುರುಳಿ ಮಾತ್ರ ಆಗುತ್ತದೆ, ಕಟ್ಟು ಬಿಗಿಯಾಗುವುದಿಲ್ಲ. ತಂತಿಯ ಹೊಳಪು ಮಂಕಾಗುವುದು ತುಂಡಾಗುವ ಮುನ್ಸೂಚನೆ, ಅಲ್ಲಿಗೇ ನಿಲ್ಲಿಸಬೇಕು. ಹಲ್ಲು ಜಾರಬೇಕಾದ ಹಂತದಲ್ಲಿ, ಅಂದರೆ 0.019×0.025 ಇಂಚಿನ ಉಕ್ಕಿನ ತಂತಿಯ ಮೇಲೆ ಹಲ್ಲುಗಳ ನಡುವಿನ ಜಾಗ ಮುಚ್ಚುವಾಗ, ಬಿಗಿ ಮಾಡಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಸಾಕು, ಘರ್ಷಣೆ ಇಳಿಯುತ್ತದೆ. ಮಾಡ್ಯೂಲ್‌ನಲ್ಲಿ ಹೀಗೆ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ತುಂಬಾ ಮೇಲೆ ನಿಂತ ಕೋರೆಹಲ್ಲಿಗೆ ಮೊದಲ ಸಲ ತಂತಿಯನ್ನು ಅರ್ಧಕ್ಕೆ ಎಳೆದು ಕಟ್ಟಿ, ಮುಂದಿನ ಸಲ ಹೊಸ ಲಿಗೇಚರ್‌ನಿಂದ ತಳಕ್ಕೆ ಕೂರಿಸಬಹುದು. ಹಳೆಯದನ್ನೇ ಮತ್ತೆ ತಿರುಚಲು ಹೋದರೆ ಕಡಿಯುತ್ತದೆ.

ಕತ್ತರಿಸಿದ ಮೇಲೆ ಉಳಿಯುವ ಮೂರು ಮಿಲಿಮೀಟರ್ ಬಾಲವನ್ನು ಆರ್ಚ್ ವೈರ್ ಕೆಳಗೆ ಮಡಚಿ ಸೇರಿಸುವುದರಲ್ಲೇ ಇಡೀ ಪದ್ಧತಿಯ ಒಳ್ಳೆಯ ಹೆಸರು ನಿಂತಿದೆ. ಕೈಗವಸಿನ ಬೆರಳಿಂದ ಸವರಿ ನೋಡಿದರೆ ಸಾಲದು. ಒಣ ಹತ್ತಿಯ ರೋಲನ್ನು ಬ್ರ್ಯಾಕೆಟ್‌ಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಹೊರಗೆ ಚಾಚಿದ ಬಾಲ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿ ಬಿಳಿಯಾಗಿ ನಿಲ್ಲುತ್ತದೆ. ಅಲ್ಲಿ ಮತ್ತೊಮ್ಮೆ ಒಳಕ್ಕೆ ತಳ್ಳಬೇಕು. ಇದಕ್ಕೆ ಅರ್ಧ ನಿಮಿಷವೂ ಬೇಡ, ರಾತ್ರಿ ಹತ್ತು ಗಂಟೆಗೆ ‘ತಂತಿ ಚುಚ್ತಾ ಇದೆ’ ಅಂತ ಬರುವ ಫೋನ್ ಕರೆಗಳು ಗಣನೀಯವಾಗಿ ಇಳಿಯುತ್ತವೆ. ಊರಿಗೆ ಹೋಗುವವರ ಕೈಗೆ ಮೇಣದ ಡಬ್ಬಿ ಕೊಟ್ಟೇ ಕಳಿಸಬೇಕು.

ಸೆರಾಮಿಕ್‌ನಲ್ಲಿ ಬಹಳ ಬಿಗಿದರೆ ರೆಕ್ಕೆ ಸಿಡಿಯುತ್ತದೆ, ಹುಷಾರು. ಬಿಳಿ ಟೆಫ್ಲಾನ್ ಲೇಪದ ಲಿಗೇಚರ್ ಸಿಗುತ್ತದೆ, ಅರಿಶಿನ ಅಷ್ಟಾಗಿ ಹಿಡಿಯುವುದಿಲ್ಲ, ಲೇಪ ಅಲ್ಲಲ್ಲಿ ಸುಲಿಯುತ್ತದೆ. ಹಳದಿ ಮಾಡ್ಯೂಲ್‌ಗಿಂತ ಅದೇ ವಾಸಿ.

ಸಮಯದ ಲೆಕ್ಕದಲ್ಲಿ ಉಕ್ಕು ಸೋಲುತ್ತದೆ, ಅದನ್ನು ಒಪ್ಪಲೇಬೇಕು. 20 ಬ್ರ್ಯಾಕೆಟ್ ಬಿಚ್ಚಿ ಕಟ್ಟಲು ಹನ್ನೆರಡು ಹದಿನೈದು ನಿಮಿಷ. ದಾರಿ ಇದೆ: ಎಲ್ಲ ಹಲ್ಲಿಗೂ ಉಕ್ಕು ಬೇಡ. ತಿರುಗಿದ ಹಲ್ಲು, ಕೋರೆಹಲ್ಲು, ಬಾಯಿ ಸ್ವಚ್ಛ ಇಟ್ಟುಕೊಳ್ಳದವರ ಕೆಳಗಿನ ಬಾಚಿಹಲ್ಲು, ಇವಕ್ಕೆ ಖಂಡಿತ ಉಕ್ಕು. ನೆಟ್ಟಗೆ ಕೂತ ಪ್ರೀಮೋಲಾರ್‌ಗಳಿಗೆ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲು) ಮಾಡ್ಯೂಲ್ ಸಾಕು. ಜಾಗ ಮುಚ್ಚಲು ದವಡೆ ಹಲ್ಲಿನ ಕೊಕ್ಕೆಯಿಂದ ಲಿಗೇಚರ್ ಎಳೆದು, ಅದರ ತುದಿಗೆ ಒಂದು ಮಾಡ್ಯೂಲನ್ನು ಎರಡರಷ್ಟು ಹಿಗ್ಗಿಸಿ ಹಾಕುವ ಟೈ ಬ್ಯಾಕ್‌ನಲ್ಲಂತೂ ಎರಡೂ ಬೇಕು. ಉಕ್ಕು ಕಟ್ಟುವ ಕೇಸುಗಳನ್ನು ಬೆಳಗ್ಗೆ ಹನ್ನೊಂದರಿಂದ ಒಂದರ ನಡುವೆ ಇಟ್ಟು, ಶಾಲೆ ಬಿಟ್ಟ ಮೇಲಿನ ಗದ್ದಲದ ಹೊತ್ತಿಗೆ ಬರೀ ತಪಾಸಣೆ, ರಬ್ಬರ್ ಚೈನ್ ಬದಲಾವಣೆ ಇಟ್ಟುಕೊಂಡರೆ ದಿನ ಎಳೆಯುವುದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಪಾಲಿಕ್ಲಿನಿಕ್‌ನಲ್ಲಿ ಕೂರುವವರಿಗೆ ಈ ಲೆಕ್ಕ ಹೊಂದದು. ಅವರು ಬಹುಪಾಲು ಮಾಡ್ಯೂಲ್ ಇಟ್ಟುಕೊಂಡು, ಮೂರು ನಾಲ್ಕು ಹಲ್ಲಿಗೆ ಮಾತ್ರ ಉಕ್ಕು ಕಟ್ಟಲಿ. ದುಡ್ಡಿಗೆ ಕೊರತೆಯಿಲ್ಲದೆ, ದಿನಕ್ಕೆ ಬಹಳ ರೋಗಿಗಳನ್ನು ನೋಡುವ, ಪ್ರತಿ ಭೇಟಿಗೂ ಸ್ಕೇಲಿಂಗ್ ಮಾಡಿಸುವ ಸಿಬ್ಬಂದಿ ಇರುವ ಕಡೆ ಸೆಲ್ಫ್ ಲಿಗೇಟಿಂಗ್ ನಡೆಯುತ್ತದೆ.

ಕೊಳ್ಳುವಾಗ: 0.010 ಶಾರ್ಟ್ ಟೈ ಒಂದು ದೊಡ್ಡ ಡಬ್ಬಿ, ಕೊಕ್ಕೆ ಬೇಕಾದ ಕಡೆಗೆ ಕೊಬಯಾಶಿ (ಕೊಕ್ಕೆ ಇರುವ ಲಿಗೇಚರ್) ಸ್ವಲ್ಪ, ಲೇಸ್ ಬ್ಯಾಕ್‌ಗೆ (ದವಡೆ ಹಲ್ಲಿನಿಂದ ಕೋರೆಹಲ್ಲಿನ ತನಕ ಎಂಟರ ಆಕಾರದಲ್ಲಿ ಕಟ್ಟುವುದು) 0.010 ತಂತಿಯ ಒಂದು ಸುರುಳಿ, ಮ್ಯಾಥ್ಯೂ ಪ್ಲೈಯರ್ ಕನಿಷ್ಠ ಎರಡು, ಒಂದು ಆಟೋಕ್ಲೇವ್‌ನಲ್ಲಿದ್ದಾಗ ಇನ್ನೊಂದು ಕೈಯಲ್ಲಿರಲಿ. ಲಿಗೇಚರ್ ಕಟರ್ ಅಗ್ಗದ್ದು ತರಬೇಡಿ, ತುದಿ ಮೊಂಡಾದರೆ ತಂತಿ ಕತ್ತರಿಸುವ ಬದಲು ಜಗ್ಗುತ್ತದೆ, ಬ್ರ್ಯಾಕೆಟ್ ಕಳಚುತ್ತದೆ. ಆ ಕಟರ್‌ನಿಂದ ಆರ್ಚ್ ವೈರ್ ಕತ್ತರಿಸಲು ಸಹಾಯಕಿಗೆ ಬಿಡಲೇಬೇಡಿ. ಮಾಡ್ಯೂಲ್ ಕಡ್ಡಿಗಳನ್ನು ರೋಗಿಗೆ ಬೇಕಾದಷ್ಟೇ ಮುರಿದು ಟ್ರೇಗೆ ಇಡಬೇಕು, ಉಳಿದದ್ದು ಮತ್ತೆ ಡಬ್ಬಿಗೆ ಹೋಗಬಾರದು. ಕತ್ತರಿಸಿದ ಉಕ್ಕಿನ ಚೂರು ಕಸದ ಬುಟ್ಟಿಗಲ್ಲ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಚುಚ್ಚಿ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ. ಕುರ್ಚಿಯ ಬಲಗೈ ಕಡೆಗೇ ಆ ಡಬ್ಬಿ ಇದ್ದರೆ ಚೂರು ನೆಲಕ್ಕೆ ಬೀಳುವುದಿಲ್ಲ, ಸಂಜೆ ಗುಡಿಸುವವರ ಕೈಗೆ ಚುಚ್ಚುವುದೂ ಇಲ್ಲ.