ಥಾರ್ ಮರಳಿನಲ್ಲಿ ಹಾವು, ಹಲ್ಲಿ, ಉಡ: ಜೈಸಲ್ಮೇರ್ ಬಳಿಯ ಒಂದು ಮಾರ್ಗದರ್ಶಿ ಸೇವೆಯ ವಿಮರ್ಶೆ

ಜೈಸಲ್ಮೇರ್‌ಗೆ ಹೋಗುವವರಲ್ಲಿ ಹೆಚ್ಚಿನವರು ಕೋಟೆ, ಹವೇಲಿ, ಒಂಟೆ ಸವಾರಿ ಮತ್ತು ಸ್ಯಾಮ್ ದಿಬ್ಬಗಳ ಸೂರ್ಯಾಸ್ತವನ್ನು ಬಯಸಿ ಹೋಗುತ್ತಾರೆ, ಅಲ್ಲಿನ ಪ್ರವಾಸೋದ್ಯಮವೂ ಅದಕ್ಕೆ ತಕ್ಕಂತೆಯೇ ಬೆಳೆದಿದೆ. ಮರುಭೂಮಿಯ ಸರೀಸೃಪಗಳನ್ನು ಅವುಗಳ ನೆಲೆಯಲ್ಲೇ ಕಂಡು ಚಿತ್ರ ತೆಗೆಯಬೇಕೆನ್ನುವವರಿಗೆ ಸಿಗುವ ಆಯ್ಕೆಗಳು ತೀರ ಕಡಿಮೆ. ಬೆಂಗಳೂರಿನ ನಾವು ಕೆಲವು ಸ್ನೇಹಿತರು ಸೆಪ್ಟೆಂಬರ್ ಕೊನೆಯಲ್ಲಿ ಆರಿಸಿಕೊಂಡದ್ದು ಸ್ಯಾಮ್ ರಸ್ತೆಯಿಂದ ಒಳಗಿರುವ ಹಳ್ಳಿಯೊಂದರಲ್ಲಿ ಒಂದು ಕುಟುಂಬವೇ ನಡೆಸುವ ಸಣ್ಣ ಸೇವೆಯನ್ನು. ವಸತಿ, ಊಟ, ಜೀಪು ಮತ್ತು ಮರಳಿನ ಮೇಲಿನ ಗುರುತುಗಳನ್ನು ಓದಬಲ್ಲ ಇಬ್ಬರು ಮಾರ್ಗದರ್ಶಕರು ಅದರಲ್ಲಿ ಸೇರಿರುತ್ತಾರೆ.

ಈ ಸೇವೆಗೆ ಕೊಟ್ಟ ಹಣ ಸಾರ್ಥಕವೆನಿಸಲು ಮುಖ್ಯ ಕಾರಣ, ಇವರು ಯಾವ ಪ್ರಾಣಿಯನ್ನೂ ಮುಟ್ಟುವುದಿಲ್ಲ. ಬಿಲ ಅಗೆಯುವುದಿಲ್ಲ, ಹಾವನ್ನು ಕೋಲಿನಿಂದ ಎತ್ತಿ ಚೆಂದದ ಹಿನ್ನೆಲೆಯಲ್ಲಿ ಕೂರಿಸುವುದಿಲ್ಲ, ಮೊದಲೇ ಹಿಡಿದಿಟ್ಟದ್ದನ್ನು ಚೀಲದಿಂದ ತೆಗೆದು ಬಿಡುವ ಮಾತಂತೂ ಇಲ್ಲವೇ ಇಲ್ಲ ಎಂಬುದನ್ನು ಬುಕಿಂಗ್ ಮಾಡುವಾಗಲೇ ಖಂಡತುಂಡವಾಗಿ ಹೇಳಿಬಿಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನೆಲ್ಲ ನಿಷೇಧಿಸಿರುವುದು ಸರಿಯೇ. ಆದರೆ ಕಾನೂನನ್ನು ಬದಿಗಿಟ್ಟು ಬರೀ ಛಾಯಾಗ್ರಹಣದ ಲೆಕ್ಕದಲ್ಲಿ ನೋಡಿದರೂ ಈ ನಿಯಮದಿಂದ ಲಾಭವೇ ಹೆಚ್ಚು. ಕೆಣಕಿದ ಹಾವು ಸುರುಳಿ ಸುತ್ತಿ ತಲೆಯೆತ್ತುವ ಭಂಗಿ ಎಲ್ಲರ ಆಲ್ಬಮ್‌ನಲ್ಲೂ ಇದೆ. ತನ್ನ ಪಾಡಿಗೆ ತಾನು ಎಕ್ಕದ ಗಿಡದ ಬುಡದಲ್ಲಿ ಅರ್ಧ ಮೈ ಹುದುಗಿಸಿಕೊಂಡು ಬೇಟೆಗೆ ಕಾದಿರುವ ಹಾವಿನ ಚಿತ್ರ ಬೇಕಿದ್ದರೆ ಅದನ್ನು ಹುಡುಕಿಯೇ ತೆಗೆಯಬೇಕು.

ಆ ಹುಡುಕಾಟದಲ್ಲಿ ಇವರು ನಿಜವಾಗಿಯೂ ನಿಪುಣರು. ಬೆಳಕು ಹರಿಯುವ ಮುನ್ನವೇ ಎಬ್ಬಿಸಿ ಹೊರಡಿಸುವುದಕ್ಕೆ ಕಾರಣವಿದೆ: ಗಾಳಿ ತಗ್ಗಿದ ಇರುಳಿನಲ್ಲಿ ಮೂಡಿದ ಗುರುತುಗಳು ಬೆಳಗಿನ ಓರೆ ಬೆಳಕಿನಲ್ಲಿ ಪಾಟಿಯ ಮೇಲಿನ ಅಕ್ಷರಗಳಷ್ಟು ಸ್ಪಷ್ಟವಾಗಿರುತ್ತವೆ, ಬಿಸಿಲೇರಿ ಗಾಳಿ ಎದ್ದೊಡನೆ ಅಳಿಸಿಹೋಗುತ್ತವೆ. ಒಂದಕ್ಕೊಂದು ತಾಗದೆ ಓರೆಯಾಗಿ ಸಾಲುಗಟ್ಟಿದ ಗೆರೆಗಳಿದ್ದರೆ ಅದು ಪಕ್ಕಕ್ಕೆ ಜಾರುತ್ತ ಸಾಗಿದ ಗರಗಸ ಮಂಡಲವೆಂಬ ವಿಷದ ಹಾವು. ದಪ್ಪ ಬಾಲ ಎಳೆದ ಗೆರೆ, ಅದರ ಇಕ್ಕೆಲದಲ್ಲಿ ಉಗುರಿನ ಗುರುತುಗಳಿದ್ದರೆ ಅದು ಮರಳುಗಾಡಿನ ಉಡ. ಹೆಜ್ಜೆಗಳೇ ಇಲ್ಲದೆ, ಮರಳಿನ ಮೇಲ್ಪದರವೇ ತುಸು ಉಬ್ಬಿ ಅಂಕುಡೊಂಕಾಗಿ ಹರಿದಿದ್ದರೆ ಅದು ಒಳಗಿನಿಂದಲೇ ಈಜಿಹೋದ ಹಾವುರಾಣಿಯ ಜಾತಿಯದು. ಊರಿನವರು ಅದನ್ನು ಮರಳಿನ ಮೀನು ಎನ್ನುತ್ತಾರೆ. ಇಬ್ಬರಲ್ಲಿ ಹಿರಿಯ ಮಾರ್ಗದರ್ಶಕರು ಯಾವ ಗುರುತು ನಡುರಾತ್ರಿಯದು, ಯಾವುದು ಈಗಷ್ಟೇ ಮೂಡಿದ್ದು ಎಂಬುದನ್ನು, ಅದರ ಮೇಲೆ ಹಾದ ಜೀರುಂಡೆಯ ಹೆಜ್ಜೆಗಳನ್ನು ತೋರಿಸಿ ವಿವರಿಸುತ್ತಿದ್ದರು. ಇಂಥ ವಿವರಣೆಗೆ ಎಷ್ಟು ಹೊತ್ತಾದರೂ ಅವರು ಅವಸರಪಡಿಸಲಿಲ್ಲ.

ನಮ್ಮ ಗುಂಪಿನ ಮೊದಲ ಬೇಡಿಕೆ ಲೋಂಗೇವಾಲಾ ಓತಿ. ಜನಕ್ಕೆ ಆ ಊರು 1971ರ ಯುದ್ಧದಿಂದ ಪರಿಚಿತ. ಸರೀಸೃಪಾಸಕ್ತರಿಗೆ ಅದು 1978ರಲ್ಲಿ ಆರ್. ಸಿ. ಶರ್ಮಾ ಅವರು ವಿಜ್ಞಾನಕ್ಕೆ ಪರಿಚಯಿಸಿದ, ಕಪ್ಪೆಯಂಥ ಮೋರೆಯ ಪುಟ್ಟ ಓತಿಯ ಊರು. ಗಿಡಗಂಟಿಗಳಿಲ್ಲದ ಸಡಿಲ ಮರಳಿನ ಬೋಳು ದಿಬ್ಬಗಳೇ ಅದರ ಮನೆ. ಅಪಾಯವೆನಿಸಿದೊಡನೆ ಮೈಯನ್ನು ಅಡ್ಡಡ್ಡಲಾಗಿ ಕಂಪಿಸಿ ಕ್ಷಣಾರ್ಧದಲ್ಲಿ ಮರಳಿನೊಳಗೆ ಇಳಿದುಬಿಡುತ್ತದೆ. ದಿಬ್ಬಗಳು ಚಲಿಸದಂತೆ ಮಾಡಲು ಗಿಡ ನೆಡುವ ಕೆಲಸ ಕೇಳುವುದಕ್ಕೆ ಒಳ್ಳೆಯದೇ ಆದರೂ ಈ ಓತಿಯ ಪಾಲಿಗೆ ನೆಲೆ ಕಳೆದುಕೊಂಡಂತೆಯೇ. ಪ್ರವಾಸಿ ಜೀಪುಗಳು ದಿಬ್ಬ ಹತ್ತಿಳಿಯುವ ಆಟವೂ ಅದಕ್ಕೆ ಸಹಕಾರಿಯಲ್ಲ. ಇವರು ಜೀಪನ್ನು ದಾರಿಯಲ್ಲೇ ನಿಲ್ಲಿಸಿ ನಡೆಸಿಕೊಂಡು ಹೋದರು. ಓತಿ ಕಂಡ ಮೇಲೆ ನಮ್ಮ ನೆರಳು ಅದರ ಮೇಲೆ ಬೀಳದ ಬದಿಯಲ್ಲಿ ಕೂರಿಸಿ, ಅದೇ ನಮಗೆ ಒಗ್ಗಿಕೊಳ್ಳುವವರೆಗೆ ಕಾಯಿಸಿದರು. ಸಿಕ್ಕ ಚಿತ್ರಗಳು ಕೆಲವೇ, ಆದರೆ ಅವುಗಳಲ್ಲಿ ಒಂದರಲ್ಲೂ ಓತಿ ಬೆದರಿಲ್ಲ.

ಮುಳ್ಳುಬಾಲದ ಹಲ್ಲಿಯ ವಿಷಯ ಬೇರೆ. ಸ್ಥಳೀಯರು ಸಾಂಡಾ ಎನ್ನುವ ಇದು ಮರಳುದಿಬ್ಬ ಬಿಟ್ಟು ಗಟ್ಟಿ ನೆಲದಲ್ಲಿ ಬಿಲ ತೋಡಿ ಗುಂಪು ಗುಂಪಾಗಿ ವಾಸಿಸುತ್ತದೆ, ಬಹುಪಾಲು ಸೊಪ್ಪು ಹೂವು ತಿಂದೇ ಬದುಕುತ್ತದೆ. ಬಿಸಿಲು ಚೆನ್ನಾಗಿ ಕಾಯುವವರೆಗೆ ಹೊರಬರುವುದಿಲ್ಲ. ಬಂದಾಗ ಕಪ್ಪಗಿರುವ ಮೈ ಬೆಚ್ಚಗಾದಂತೆ ತಿಳಿಯಾಗುತ್ತದೆ. ಈ ಬಣ್ಣ ಬದಲಾವಣೆಯನ್ನು ಸಾಲು ಚಿತ್ರಗಳಲ್ಲಿ ಹಿಡಿಯಬೇಕೆಂಬುದು ನಮ್ಮಲ್ಲೊಬ್ಬರ ಹಟವಾಗಿತ್ತು. ಬೀನ್‌ಬ್ಯಾಗ್ ಮೇಲೆ ಲೆನ್ಸ್ ಇಟ್ಟು, ಹೊಟ್ಟೆಯ ಮೇಲೆ ಮಲಗಿ, ಅರ್ಧ ಬೆಳಗ್ಗೆ ಒಂದೇ ಬಿಲದ ಮುಂದೆ ಕಳೆಯುವುದಕ್ಕೆ ಮಾರ್ಗದರ್ಶಕರು ಬೇಸರಿಸಲಿಲ್ಲ, ಉಳಿದವರನ್ನು ಖೇಜ್ರಿ ಮರದ (ಅದು ನಮ್ಮ ಬನ್ನಿ ಮರವೇ) ನೆರಳಿಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ಈ ಬಡಪಾಯಿ ಹಲ್ಲಿಯ ಕೊಬ್ಬಿನಿಂದ ತೆಗೆದ ಎಣ್ಣೆಗೆ ಇಲ್ಲದ ಗುಣಗಳನ್ನು ಕಟ್ಟಿ ಮಾರುವ ದಂಧೆ ಉತ್ತರ ಭಾರತದಲ್ಲಿ ಇನ್ನೂ ನಿಂತಿಲ್ಲ. ಆದ್ದರಿಂದಲೇ ಚಿತ್ರಗಳನ್ನು ಹಂಚಿಕೊಳ್ಳುವ ಮುನ್ನ ಅವುಗಳಲ್ಲಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಬೇಕೆಂದು ಇವರು ಕೇಳಿಕೊಳ್ಳುತ್ತಾರೆ. ಹಳ್ಳಿಯ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ.

ರಾತ್ರಿಯ ನಡಿಗೆಯ ಬಗ್ಗೆ ನನಗೆ ಇಷ್ಟೇ ಉತ್ಸಾಹವಿಲ್ಲ. 1980ರಲ್ಲಿ ಘೋಷಿತವಾದ, 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗೆ, ಹಳ್ಳಿಯ ಜಮೀನಿನಲ್ಲಿ ಮಾತ್ರ ಇವರು ರಾತ್ರಿ ನಡೆಸುವುದು ಮೆಚ್ಚತಕ್ಕದ್ದೇ. ಅಲ್ಲಿ ಮರಳುಹಲ್ಲಿಗಳು ಧಾರಾಳವಾಗಿ ಕಂಡವು, ಗರಗಸ ಮಂಡಲವೂ ಸಿಕ್ಕಿತು. ನಮ್ಮ ಉತ್ತರ ಕರ್ನಾಟಕದ ಕಲ್ಲುಭೂಮಿಯಲ್ಲಿ ಕಾಣುವ ಅದೇ ಹಾವಿನ ಪಶ್ಚಿಮದ ಬಗೆ ಗಾತ್ರದಲ್ಲಿ ದೊಡ್ಡದು, ಹುರುಪೆಗಳನ್ನು ಉಜ್ಜಿ ಎಬ್ಬಿಸುವ ಸದ್ದು ದೂರದಿಂದಲೇ ಕೇಳಿಸುತ್ತದೆ. ತೊಂದರೆ ಬೆಳಕಿನದು. ಮಾರ್ಗದರ್ಶಕರ ಟಾರ್ಚುಗಳು ವಿಪರೀತ ಪ್ರಖರವಾಗಿದ್ದು, ಎಲ್ಲರ ಚಿತ್ರ ಮುಗಿಯುವವರೆಗೆ ಅದನ್ನು ಹಾವಿನ ಮುಖಕ್ಕೇ ಹಿಡಿದಿದ್ದರು. ಹಗಲಿನಲ್ಲಿ ಅಷ್ಟು ಸೂಕ್ಷ್ಮವಾಗಿ ನಡೆದುಕೊಂಡವರು ರಾತ್ರಿ ಇದನ್ನು ಮರೆಯುವುದು ವಿಚಿತ್ರವೆನಿಸಿತು. ಕೇಳಿಕೊಂಡ ಮೇಲೆ ಬೆಳಕನ್ನು ಪಕ್ಕಕ್ಕೆ ತಿರುಗಿಸಿದರು, ನಿಜ.

ಇದಕ್ಕಿಂತ ಗಂಭೀರವಾದ ಕೊರತೆ ಹಾವು ಕಡಿತದ ಸಿದ್ಧತೆಯದು. ದೇಶದಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷದಿಂದ ತಯಾರಿಸುತ್ತಾರೆ. ಆ ವಿಷದ ಬಹುಪಾಲು ಬರುವುದು ತಮಿಳುನಾಡಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸೇರಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಪಶ್ಚಿಮದ ಗರಗಸ ಮಂಡಲ ಮತ್ತು ಸಿಂಧ್ ಕಟ್ಟುಹಾವಿನಂಥವುಗಳ ವಿಷಕ್ಕೆ ಈ ಔಷಧಿ ಸಾಕಷ್ಟು ಪರಿಣಾಮಕಾರಿಯಲ್ಲ ಎಂದು ತೋರಿಸಿದೆ. ಸಿಂಧ್ ಕಟ್ಟುಹಾವನ್ನು ಥಾರ್‌ನ ಜನ ಪೀವ್ಣಾ ಎನ್ನುತ್ತಾರೆ. ಮಲಗಿದವರ ಉಸಿರನ್ನು ಅದು ಕುಡಿದುಬಿಡುತ್ತದೆಂಬ ನಂಬಿಕೆ ಹುಟ್ಟಿದ್ದು, ನೆಲದ ಮೇಲೆ ಮಲಗಿದವರಿಗೆ ನೋವೇ ತಿಳಿಯದಂತೆ ಕಚ್ಚುವ ಅದರ ಸ್ವಭಾವದಿಂದ ಇರಬೇಕು. ಇಂಥ ಜಾಗದಲ್ಲಿ ಇರುಳು ನಡೆಸುವವರ ಬಳಿ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ಔಷಧಿ ದಾಸ್ತಾನಿದೆಯೇ, ಮೊಬೈಲ್ ಸಿಗ್ನಲ್ ಸಿಗುವ ಜಾಗ ಎಲ್ಲಿ ಎಂಬುದಕ್ಕೆ ಲಿಖಿತ ಯೋಜನೆ ಇರಲೇಬೇಕು. ನಾವು ಕೇಳಿದಾಗ ಸಿಕ್ಕ ಉತ್ತರ, ಜೀಪು ಸದಾ ಸಿದ್ಧವಿದೆ, ಜೈಸಲ್ಮೇರ್‌ಗೆ ಓಡಿಸುತ್ತೇವೆ ಎಂಬುದಷ್ಟೇ. ಹೋಗುವವರು ದಪ್ಪ ಚರ್ಮದ ಎತ್ತರದ ಬೂಟುಗಳನ್ನು ತಾವೇ ಒಯ್ಯುವುದು ಒಳ್ಳೆಯದು.

ಕಾಲದ ವಿಷಯದಲ್ಲಿಯೂ ಇವರು ಇನ್ನಷ್ಟು ನೇರವಾಗಿರಬಹುದಿತ್ತು. ಪ್ರವಾಸಿಗರ ದಟ್ಟಣೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ. ಸರೀಸೃಪಗಳು ಬಿಲ ಸೇರುವುದೂ ಆ ಚಳಿಯಲ್ಲೇ. ಸಾಂಡಾ ಅಂತೂ ಬಿಲದ ಬಾಯಿ ಮುಚ್ಚಿಕೊಂಡು ಒಳಗುಳಿದುಬಿಡುತ್ತದೆ. ಹೀಗಿದ್ದೂ ಡಿಸೆಂಬರ್‌ಗೂ ಇದೇ ದರದಲ್ಲಿ ಇದೇ ಪ್ರವಾಸವನ್ನು ಇವರು ಕೊಡುತ್ತಾರೆ. ಮಳೆಗಾಲದ ಜುಲೈಯಿಂದ ಅಕ್ಟೋಬರ್ ಆರಂಭದವರೆಗೆ, ಇಲ್ಲವೇ ಮಾರ್ಚ್‌ನಲ್ಲಿ ಹೋಗುವುದು ಲೇಸು.

ಬಾಜ್ರಾ ರೊಟ್ಟಿ, ಕೇರ್-ಸಾಂಗ್ರಿ ಪಲ್ಯದ ಊಟ ರುಚಿಯಾಗಿತ್ತು, ಕೋಣೆಗಳು ಸರಳ, ಸ್ವಚ್ಛ. ದರವನ್ನು ತಲೆಗಿಷ್ಟು ಎನ್ನದೆ ಜೀಪಿಗೆ ಲೆಕ್ಕ ಹಾಕುವುದರಿಂದ ಗುಂಪಿನಲ್ಲಿ ಹೋದವರಿಗೆ ಅಗ್ಗವಾಗುತ್ತದೆ. ಉದ್ಯಾನದ ಪ್ರವೇಶ ಶುಲ್ಕ ಅದರಲ್ಲಿ ಸೇರಿಲ್ಲ. ಜೀಪಿನ ಮೈ ತೆರೆದಿರುವುದರಿಂದ ನುಣ್ಣನೆಯ ಧೂಳು ಎಲ್ಲೆಡೆ ನುಗ್ಗುತ್ತದೆ, ಆದ್ದರಿಂದ ಬಯಲಿನಲ್ಲಿ ಲೆನ್ಸ್ ಬದಲಿಸುವ ಯೋಚನೆ ಬಿಟ್ಟು, ಸಾಧ್ಯವಾದರೆ ಎರಡು ಕ್ಯಾಮೆರಾ ಒಯ್ಯಬೇಕು: ಒಂದಕ್ಕೆ 400 ಮಿ.ಮೀ. ಆಸುಪಾಸಿನ ಟೆಲಿಫೋಟೋ, ಇನ್ನೊಂದಕ್ಕೆ ಮರಳುಹಲ್ಲಿಗಳಿಗಾಗಿ ಮ್ಯಾಕ್ರೋ. ಟ್ರೈಪಾಡ್ ಇಡಲು ಜೀಪಿನಲ್ಲಿ ಜಾಗವಿಲ್ಲ, ದಿಬ್ಬದ ಮೇಲೆ ಅದರ ಉಪಯೋಗವೂ ಅಷ್ಟಕ್ಕಷ್ಟೆ. ಪಟ್ಟಿ ಹಿಡಿದು ಎಷ್ಟು ಜಾತಿ ಸಿಕ್ಕವೆಂದು ಎಣಿಸುವವರಿಗೆ ಈ ಸೇವೆ ನಿಧಾನವೆನಿಸೀತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿಯಾಗಿ ರಾತ್ರಿಯ ಸುರಕ್ಷತೆಯ ಲೆಕ್ಕದಲ್ಲಿ.