ಕ್ಯಾಲೊರಿ ಆ್ಯಪ್ ಜೊತೆ 14 ತಿಂಗಳು: ಒಂದು ತಪ್ಪು ಗುಂಡಿಯ ಕಥೆ

ತೂಕ ಇಳಿಸೋಕೆ ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನಬೇಕು ಅಂತ ಹೇಳಿ, ತಿಂದಿದ್ದನ್ನೂ ತೂಕವನ್ನೂ ಬರೆದಿಡುವ ಆ್ಯಪ್ ಇದು. ಇದರಲ್ಲಿ ಮತ್ತೇನೇನಿದೆ ಅಂತ ನೀವೆಲ್ಲ ನೋಡೇ ಇರುತ್ತೀರಿ, ಮತ್ತೆ ಹೇಳಲ್ಲ. ನನ್ನ ತಕರಾರು ಒಂದೇ ಒಂದು ಪ್ರಶ್ನೆಯ ಮೇಲೆ. ಶುರುವಿನಲ್ಲೇ ಕೇಳುತ್ತದಲ್ಲ, ದಿನಾ ಎಷ್ಟು ಓಡಾಡುತ್ತೀರಿ ಅಂತ, ಅದು.

ವಾರಕ್ಕೆ ನಾಲ್ಕು ದಿನ ವ್ಯಾಯಾಮ ಮಾಡುತ್ತೇನೆ, ಹಾಗಾಗಿ 'ಮಧ್ಯಮ' ಒತ್ತಿದೆ. ಮಿಕ್ಕ ಹೊತ್ತೆಲ್ಲ ಕುರ್ಚಿಗೆ ಅಂಟಿಕೊಂಡಿರುತ್ತೀಯಾ ಅಂತ ಅದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗ ನನಗೆ 41 ವರ್ಷ, 82 ಕೆಜಿ, 172 ಸೆಂಮೀ. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ ತೂಕದ 10 ಪಟ್ಟು, ಎತ್ತರದ 6.25 ಪಟ್ಟು ಕೂಡಿಸಿ, ವಯಸ್ಸಿನ 5 ಪಟ್ಟು ಕಳೆದು, ಗಂಡಸಾದರೆ 5 ಸೇರಿಸಬೇಕು, ಹೆಂಗಸಾದರೆ 161 ಕಳೆಯಬೇಕು. ನನಗೆ 1695 ಕ್ಯಾಲೊರಿ ಬಂತು. ದಿನವಿಡೀ ಸುಮ್ನೆ ಮಲಗಿದ್ದರೂ ಮೈಗೆ ಬೇಕಾಗುವಷ್ಟು ಅದು. ಇಲ್ಲಿವರೆಗೆ ಸರಿ. 'ಮಧ್ಯಮ' ಅಂದಿದ್ದಕ್ಕೆ ಆ್ಯಪ್ ಅದನ್ನು 1.55ರಿಂದ ಗುಣಿಸಿ, ಓಡಾಟವೂ ಸೇರಿ ದಿನಕ್ಕೆ 2627 ಬೇಕು ಅಂದಿತು. ಕೂತೇ ಇರುವವರ 1.2 ಹಾಕಿದ್ದರೆ 2034 ಆಗುತ್ತಿತ್ತು. ಒಂದು ಗುಂಡಿಗೆ ಸುಮಾರು 600 ಕ್ಯಾಲೊರಿ ವ್ಯತ್ಯಾಸ, ಅಂದರೆ ಒಂದು ಹೊತ್ತಿನ ಊಟವೇ ಆಯ್ತಲ್ವಾ!

ತೂಕ ಇಳಿಯಲಿ ಅಂತ 2627ರಲ್ಲಿ 500 ಕಳೆದು 2127 ತಿನ್ನಿ ಅಂದಿತು. 28 ದಿನ ತೂಗಿ, ಬರೆದು, ಅಷ್ಟೇ ತಿಂದೆ. ಇಳಿದಿದ್ದು 200 ಗ್ರಾಂ. ಸಿಟ್ಟು ಬಂದು ಅವತ್ತೇ ತೆಗೆದುಹಾಕಬೇಕು ಅಂತಿದ್ದೆ.

ತಡೆದಿದ್ದು ಬೆಳಗಿನ ಆ ಎರಡು ನಿಮಿಷ. ಎದ್ದು ಶೌಚ ಮುಗಿಸಿ, ನೀರೂ ಕುಡಿಯದೆ, ಅರೆಗತ್ತಲಲ್ಲಿ ತೂಕದ ಯಂತ್ರ ಹತ್ತಿ, ಅಂಕಿ ಅಲುಗಾಡೋದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲೋದು. ಹಿಂದಿನ ರಾತ್ರಿ ಉಪ್ಪು ಜಾಸ್ತಿ ಆಗಿದ್ದರೆ ನೀರು ನಿಂತು ಒಂದು ಕೆಜಿ ಏರಿರುತ್ತದೆ. ಆದರೆ ಆ್ಯಪ್ ಏಳು ದಿನದ ಸರಾಸರಿ ಹಾಕಿ ಒಂದು ಗೆರೆ ಎಳೆಯುತ್ತದೆ. ಆ ಗೆರೆ ಈ ಏರಿಳಿತಕ್ಕೆಲ್ಲ ಅಷ್ಟಾಗಿ ಕುಣಿಯಲ್ಲ. ಅದನ್ನು ನೋಡೋದೇ ಒಂದು ಚಟ ಆಗಿಬಿಟ್ಟಿತು.

ಕೊನೆಗೆ ಲೆಕ್ಕ ನಾನೇ ಹಾಕಿದೆ. ಒಂದು ಕೆಜಿ ಕೊಬ್ಬಿಗೆ ಅಂದಾಜು 7700 ಕ್ಯಾಲೊರಿ, 200 ಗ್ರಾಂಗೆ 1540, ದಿನಕ್ಕೆ 55. ಅಂದರೆ ನನಗೆ ನಿಜವಾಗಿ ಬೇಕಿದ್ದಿದ್ದು 2180ರ ಆಸುಪಾಸು. ತಿಂದಿದ್ದು, ತೂಕ ಎರಡೂ ಇದರ ಹೊಟ್ಟೆಯಲ್ಲೇ ಇದ್ದವು, ಇಷ್ಟು ಭಾಗಾಕಾರ ಮಾಡೋಕೆ ಏನಾಗಿತ್ತು?

ಗುರಿಯನ್ನು ಕೈಯಾರೆ 1750ಕ್ಕೆ ಇಳಿಸಿದೆ, ಮೂರು ತಿಂಗಳಲ್ಲಿ ನಾಲ್ಕೂವರೆ ಕೆಜಿ ಹೋಯಿತು. ದುಡ್ಡು ಕಟ್ಟೋದು ನಿಲ್ಲಿಸಿದ್ದೇನೆ, ಗೆರೆ ಪುಕ್ಕಟೆಯಾಗೇ ಸಿಗುತ್ತದೆ. ಐದಕ್ಕೆ ಮೂರು ನಕ್ಷತ್ರ, ಅದರಲ್ಲಿ ಎರಡು ಆ ಗೆರೆಗೆ. 'ಮಧ್ಯಮ' ಮಾತ್ರ ಇನ್ನೂ ಬದಲಾಯಿಸಿಲ್ಲ, ಹಾಗಾಗಿ ಪ್ರತಿ ಭಾನುವಾರ ನೀವು ತುಂಬಾ ಕಮ್ಮಿ ತಿನ್ನುತ್ತಿದ್ದೀರಿ ಅಂತ ಪಾಪ ಗಾಬರಿಪಡುತ್ತದೆ.